ಆ ಎತ್ತರದಾಂವನ್ನ ಯಾಕ ಹಿಡೀಲಿಲ್ಲ?

ಈ ಸಲ ಫುಟ್‌ಬಾಲ್ ಬಗ್ಗೆ ಬರೀತೀನಿ ಅಂದಾಗ ಮೊದಲು ನಕ್ಕವಳು ನನ್ನ ಹೆಂಡತಿ. 'ಅಡಗಿ, ಸೀರಿ, ಮಕ್ಕಳ ಪರೀಕ್ಷೆ ಅಂತ ಓದಾಕ ಬರೋರಿಗೆ ನಿಮ್ಮ ಡಿಫೆನ್ಸ್ ಕಥಿ ಯಾಕ್ರೀ?' ಅಂದಳು. ಮಾತು ಸುಳ್ಳಲ್ಲ. ಆದರೆ ಈ ಕಥೆಯಲ್ಲಿ ಸೀರೆಯೂ ಬರುತ್ತದೆ, ಸ್ವಲ್ಪ ತಡೀರಿ.

ನಾನು ಇಳಕಲ್ಲಿನವನು. ಅಪ್ಪ ನೇಕಾರ. ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಅಂದರೆ ಯಾರೂ ಹೊಳ್ಳಿ ನೋಡೋದಿಲ್ಲ. ಜಾತ್ರೆ ಬಂದರೆ ಕುಸ್ತಿ, ಕಬಡ್ಡಿ. ಬಾಗಲಕೋಟೆ, ವಿಜಯಪುರದ ಹುಡುಗರು ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ. ಉಳಿದದ್ದೆಲ್ಲ ಕ್ರಿಕೆಟ್. ನನಗೆ ಈ ಹುಚ್ಚು ಹಿಡಿಸಿದ್ದು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿದ್ದ ಬೆಳಗಾವಿ ಹುಡುಗರು. ಅವರ ಕೋಣೆಯ ಲ್ಯಾಪ್‌ಟಾಪಿನಲ್ಲಿ ಬೆಂಗಳೂರು ಎಫ್‌ಸಿ ಆಟ ನೋಡುತ್ತಾ ಕೂತವನು ಇನ್ನೂ ಎದ್ದಿಲ್ಲ. ಕ್ಲಬ್ ಹುಟ್ಟಿದ್ದು 2013ರಲ್ಲಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಗೆಲ್ಲುವ ತಂಡದ ಅಭಿಮಾನಿ ಆಗೋದು ಸುಲಭ. ಆಮೇಲೆ ಬಿಡೋದು ಕಷ್ಟ.

2018ರ ಮಾರ್ಚ್ 17, ಶನಿವಾರ. ಯುಗಾದಿ ಅಮಾವಾಸ್ಯೆ. ಹಬ್ಬಕ್ಕೆ ಊರಿಗೆ ಬಂದಿದ್ದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್, ಎದುರಾಳಿ ಚೆನ್ನೈಯಿನ್ ಎಫ್‌ಸಿ. ನಮ್ಮ ತಂಡಕ್ಕೆ ಐಎಸ್‌ಎಲ್‌ನಲ್ಲಿ ಅದು ಮೊದಲ ವರ್ಷ. ಲೀಗ್ ಹಂತದಲ್ಲಿ 40 ಅಂಕ ಗಳಿಸಿ ಎರಡನೇ ಸ್ಥಾನದಲ್ಲಿದ್ದ ಚೆನ್ನೈಗಿಂತ 8 ಅಂಕ ಮುಂದಿದ್ದೆವು. ಮನೆಯ ಅಂಗಳದಲ್ಲೇ ಫೈನಲ್. ಇನ್ನೇನು ಬೇಕು? ಅವ್ವ ಒಳಗೆ ಹೋಳಿಗೆಗೆ ಬೇಳೆ ಆರಿಸುತ್ತಿದ್ದಳು. ಅಮಾವಾಸ್ಯೆ ಅಂತ ಅಪ್ಪ ಮಗ್ಗಕ್ಕೆ ಇಳಿದಿರಲಿಲ್ಲ. ಬೇರೆ ಕೆಲಸ ಇಲ್ಲದೆ ನನ್ನ ಪಕ್ಕ ಬಂದು ಕೂತ.

9ನೇ ನಿಮಿಷಕ್ಕೆ ಉದಾಂತ ಸಿಂಗ್ ಬಲಗಡೆಯಿಂದ ಕಳಿಸಿದ ಚೆಂಡಿಗೆ ಸುನಿಲ್ ಛೆಟ್ರಿ ಹಾರಿ ತಲೆ ಕೊಟ್ಟ. ಗೋಲು! ನಾನು ಕೂಗಿದ ಹೊಡೆತಕ್ಕೆ ಓಣಿಯ ನಾಯಿ ಎದ್ದು ಬೊಗಳಿತು. 17ನೇ ನಿಮಿಷಕ್ಕೆ ಚೆನ್ನೈಗೆ ಒಂದು ಕಾರ್ನರ್ ಸಿಕ್ಕಿತು. ಗ್ರೆಗರಿ ನೆಲ್ಸನ್ ಒದ್ದ, ಬ್ರೆಜಿಲ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದ. 1-1. ಹೋಗಲಿ, ಆಗ್ತದೆ. 45ನೇ ನಿಮಿಷ, ಇನ್ನೇನು ವಿರಾಮ. ಮತ್ತೆ ಕಾರ್ನರ್, ಮತ್ತೆ ನೆಲ್ಸನ್, ಮತ್ತೆ ಮೈಲ್ಸನ್, ಮತ್ತೆ ತಲೆ. 1-2.

ಫುಟ್‌ಬಾಲಿನ ಒಂದು ನಿಯಮವೂ ಗೊತ್ತಿರದ ಅಪ್ಪ ಆಗ ಕೇಳಿದ: 'ತಮ್ಮಾ, ಒಮ್ಮೆ ಹೊಡದಿದ್ನಲ್ಲ, ಆ ಎತ್ತರದಾಂವನ್ನ ಯಾಕ ಹಿಡೀಲಿಲ್ಲ?'

'ನಿನಗ ತಿಳಿಯಂಗಿಲ್ಲ, ಸುಮ್ನಿರಪಾ' ಅಂದೆ. ನಿಜ ಹೇಳಬೇಕಂದರೆ ಉತ್ತರ ನನಗೂ ಗೊತ್ತಿರಲಿಲ್ಲ. ಎರಡನೇ ಅವಧಿಯಲ್ಲಿ ರಾಫೆಲ್ ಆಗಸ್ಟೊ ಇನ್ನೊಂದು ಹೊಡೆದ. ಕೊನೆಗೆ ಮಿಕು ಒಂದು ತಿರುಗಿಸಿದರೂ 2-3ಕ್ಕೆ ಸೋತೆವು. ಮರುದಿನದ ಬೇವು ಬೆಲ್ಲದಲ್ಲಿ ನನ್ನ ಪಾಲಿಗೆ ಬೇವೇ ಜಾಸ್ತಿ ಬಂದಿತ್ತು.

ಎರಡು ಗೋಲುಗಳ ನಡುವೆ 28 ನಿಮಿಷ. ಈ ಲೆಕ್ಕ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಗೋಲು ಬಿಟ್ಟುಕೊಟ್ಟಿದ್ದಕ್ಕೆ ಅಭಿಮಾನಿಗೆ ಅಷ್ಟು ಸಿಟ್ಟು ಬರಲ್ಲ, ಎದುರಾಳಿಯೂ ಆಡೋಕೆ ಬಂದಿರೋದು. ಅದೇ ತೂತಿನಿಂದ ಎರಡನೇ ಸಲ ಬಿಟ್ಟುಕೊಟ್ಟರೆ ಮೈ ಉರಿಯುತ್ತದೆ. ಟಿವಿ ಮುಂದೆ ಕೂತ ನನಗೆ ಕಂಡದ್ದು, ನನ್ನ ಅಪ್ಪನಿಗೂ ಕಂಡದ್ದು, ಸಂಬಳ ತಗೊಂಡು ಅಲ್ಲೇ ಗೆರೆಯ ಪಕ್ಕ ನಿಂತವರಿಗೆ ಕಾಣಲಿಲ್ಲವಾ?

ಕಂಡಿರುತ್ತದೆ. ಕಂಡರೂ ಯಾಕೆ ತಡ ಆಗುತ್ತದೆ ಅನ್ನೋದನ್ನು ತಿಳಿಯೋಕೆ ನನಗೆ ವರ್ಷಗಳೇ ಹಿಡಿದವು. ಫುಟ್‌ಬಾಲ್ ಗೊತ್ತಿಲ್ಲದವರಿಗಾಗಿ ಮದುವೆ ಊಟದ ಲೆಕ್ಕದಲ್ಲಿ ಹೇಳ್ತೀನಿ. ಪಂಕ್ತಿಯಲ್ಲಿ ಬಡಿಸೋಕೆ ಎರಡು ಪದ್ಧತಿ ಇವೆ ಅಂದುಕೊಳ್ಳಿ. ಒಂದು, ಒಬ್ಬೊಬ್ಬರಿಗೂ ಒಂದೊಂದು ಜಾಗ ಹಂಚಿಕೊಡೋದು: ಈ ಕಂಬದಿಂದ ಆ ಕಂಬದವರೆಗೆ ನೀನು, ಅಲ್ಲಿಂದ ಮುಂದೆ ಅವನು. ಇನ್ನೊಂದು, ಇಂಥ ಬೀಗರನ್ನು ನೀನೇ ನೋಡ್ಕೋ, ಅವರು ಎಲ್ಲಿ ಕೂತರೂ ಅವರ ಎಲೆ ನಿನ್ನ ಜವಾಬ್ದಾರಿ ಅನ್ನೋದು. ಕಾರ್ನರ್ ಬಂದಾಗ ಗೋಲಿನ ಮುಂದೆ ನಿಲ್ಲುವವರಿಗೂ ಇವೇ ಎರಡು ಪದ್ಧತಿ. ಮೊದಲನೆಯದಕ್ಕೆ ಝೋನಲ್ ಅಂತಾರೆ, ಎರಡನೆಯದಕ್ಕೆ ಮ್ಯಾನ್ ಮಾರ್ಕಿಂಗ್. ಬಹಳ ತಂಡಗಳು ಎರಡನ್ನೂ ಕಲಸಿ ಮಾಡ್ತವೆ. ಝೋನಲ್‌ನಲ್ಲಿ ತೊಂದರೆ ಅಂದರೆ ಎರಡು ಕಂಬದ ನಡುವೆ ಕೂತವನ ಎಲೆಗೆ ಇಬ್ಬರೂ ಚಟ್ನಿ ಹಾಕಲ್ಲ. ಮ್ಯಾನ್ ಮಾರ್ಕಿಂಗ್‌ನಲ್ಲಿ ತೊಂದರೆ ಅಂದರೆ ಬೀಗರು ಎದ್ದು ಓಡಾಡಿದರೆ ಅವರ ಹಿಂದೆ ಓಡಾಡುತ್ತಾ ಇನ್ನೊಬ್ಬರಿಗೆ ಡಿಕ್ಕಿ ಹೊಡೀತೀರಿ.

ಈಗ ಊಟ ನಡೆಯುತ್ತಿರುವಾಗಲೇ ಪದ್ಧತಿ ಬದಲಿಸಿ ನೋಡೋಣ. ಒಬ್ಬ ಎತ್ತರದ ಡಿಫೆಂಡರ್‌ಗೆ 'ಇನ್ನು ಮುಂದೆ ಮೈಲ್ಸನ್ ನಿನ್ನವನು' ಅಂದರೆ ಇಷ್ಟು ಹೊತ್ತು ಅವನು ಕಾಯುತ್ತಿದ್ದ ಜಾಗಕ್ಕೆ ಇನ್ನೊಬ್ಬ ಬರಬೇಕು. ಆ ಇನ್ನೊಬ್ಬನ ಜಾಗಕ್ಕೆ ಮತ್ತೊಬ್ಬ. ಒಂದು ಇಟ್ಟಿಗೆ ಸರಿಸಿದರೆ ಆರು ಇಟ್ಟಿಗೆ ಸರಿಯಬೇಕು. ಅದನ್ನೆಲ್ಲ ಹೇಳೋದಾದರೂ ಹೇಗೆ? ಕಬಡ್ಡಿಯಲ್ಲಿ ಕೋಚ್ ಟೈಮ್‌ಔಟ್ ತಗೊಂಡು 30 ಸೆಕೆಂಡಿನಲ್ಲಿ ಎಲ್ಲರ ಕಿವಿ ಹಿಂಡಬಹುದು. ಕ್ರಿಕೆಟ್‌ನಲ್ಲಿ ನಾಯಕ ಪ್ರತಿ ಚೆಂಡಿಗೂ ಫೀಲ್ಡಿಂಗ್ ಬದಲಿಸಬಹುದು. ಫುಟ್‌ಬಾಲಿನಲ್ಲಿ ಕೋಚ್ ಆಟವನ್ನು ನಿಲ್ಲಿಸುವಂತಿಲ್ಲ. ವಿರಾಮದ 15 ನಿಮಿಷ ಮಾತ್ರ ಅವರ ಸ್ವಂತದ್ದು. ಉಳಿದ ಹೊತ್ತು ತುಂಬಿದ ಕ್ರೀಡಾಂಗಣದ ಗದ್ದಲದಲ್ಲಿ, ಮಣಿಪುರದವರು, ಪಂಜಾಬಿನವರು, ವಿದೇಶದವರು ಕೂಡಿ ಆಡುವ ತಂಡಕ್ಕೆ, ಸ್ಪೇನ್‌ನಿಂದ ಬಂದ ಕೋಚ್ ಗೆರೆಯ ಆಚೆಯಿಂದ ಕೈ ಬೀಸಿ ತಿಳಿಸಬೇಕು. ಆಗ ಕೋಚ್ ಆಗಿದ್ದವರು ಆಲ್ಬರ್ಟ್ ರೋಕಾ. ಮೈಲ್ಸನ್‌ನ ಎರಡೂ ಗೋಲುಗಳು ಬಂದದ್ದು ವಿರಾಮಕ್ಕೆ ಮೊದಲೇ. ಅಂದರೆ ಆ 15 ನಿಮಿಷ ಅವರಿಗೆ ಸಿಗಲೇ ಇಲ್ಲ.

ಇಷ್ಟು ತಿಳಿದ ಮೇಲೆ ಸಿಟ್ಟು ಇಳೀತಾ? ಅರ್ಧ ಇಳೀತು. ಇನ್ನರ್ಧ ಇಳಿಯಲ್ಲ. ಯಾರಿಗೋ ಕಾಲು ಉಳುಕಿ ಆಟ ನಿಂತಾಗ ಒಬ್ಬನನ್ನು ಗೆರೆ ಹತ್ತಿರ ಕರೆದು ಒಂದು ಮಾತು ಹೇಳಬಹುದಲ್ಲ? ಪೂರ್ತಿ ಪದ್ಧತಿ ಬದಲಿಸೋದು ಬೇಡ, ಒಬ್ಬನಿಗೆ ಒಂದೇ ಕೆಲಸ ಕೊಡಿ: ಅವನು ಹಾರುವಾಗ ಅಡ್ಡ ನಿಲ್ಲು. ನಮ್ಮ ಕೆಲಸದಲ್ಲೂ ಇದೇ. ನಡುರಾತ್ರಿ ಸರ್ವರ್ ಕೈಕೊಟ್ಟರೆ ಯಾರೂ ಮೂಲ ಕಾರಣ ಹುಡುಕುತ್ತಾ ಕೂರಲ್ಲ. ಮೊದಲು ತಾತ್ಕಾಲಿಕ ತೇಪೆ ಹಾಕಿ ಗ್ರಾಹಕರನ್ನು ಉಳಿಸಿಕೊಳ್ತೀವಿ, ಮೀಟಿಂಗ್ ಎಲ್ಲ ಬೆಳಿಗ್ಗೆ. 28 ನಿಮಿಷ ತೇಪೆಗೆ ಸಾಕು.

ಮುಂದಿನ ವರ್ಷ ನಡೆದದ್ದು ಹೇಳದಿದ್ದರೆ ಅನ್ಯಾಯವಾದೀತು. ರೋಕಾ ಹೋದರು, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಕೋಚ್ ಆದರು. 2019ರ ಮಾರ್ಚ್ 17ಕ್ಕೆ, ಅದೇ ತಾರೀಖು ನೋಡಿ, ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷಕ್ಕೆ ನಮಗೊಂದು ಕಾರ್ನರ್. ದಿಮಾಸ್ ಡೆಲ್ಗಾಡೊ ಒದ್ದ, ರಾಹುಲ್ ಭೇಕೆ ತಲೆ ಕೊಟ್ಟ. 1-0, ಕಪ್ ನಮ್ಮದು. ಒಂದು ವರ್ಷದ ಹಿಂದೆ ನಮ್ಮನ್ನು ಕೆಡವಿದ ಅದೇ ಆಯುಧ. ಆಗಿನ ಡಿಫೆನ್ಸ್ ಅಂದರೆ ಡಿಫೆನ್ಸ್. ಆ ವರ್ಷ ಮತ್ತು ಅದರ ಮುಂದಿನ ವರ್ಷ ಎರಡೂ ಸಲ ಗೋಲ್ಡನ್ ಗ್ಲೋವ್ ಪ್ರಶಸ್ತಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧುಗೇ ಬಂತು. ಹಳೇ ಕೋಚಿನ ಸಹಾಯಕನೇ ಬಂದಿದ್ದಕ್ಕೆ ಕಲಿತದ್ದು ಅಳಿಸಿಹೋಗಲಿಲ್ಲ ಅಂತ ನನ್ನ ಅಂದಾಜು.

ಆಮೇಲೆ ಶುರುವಾಯಿತು ನೋಡಿ ಬದಲಾವಣೆಯ ಮೆರವಣಿಗೆ. 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದರು. ಮಾರ್ಕೊ ಪೆಝಾಯುಲಿ ಬಂದರು, 2022ರಲ್ಲಿ ಹೋದರು. ಸೈಮನ್ ಗ್ರೇಸನ್ ಬಂದರು. ಒಬ್ಬೊಬ್ಬರು ಬಂದಾಗಲೂ ಹಿಂದಿನ ಸಾಲಿನವರು ಮತ್ತೆ ಅಕ್ಷರಾಭ್ಯಾಸ ಮಾಡಬೇಕು. ಮುಂದೆ ಆಡುವವನು ಒಬ್ಬನೇ ಮಿಂಚಿ ಗೋಲು ಹೊಡೀಬಹುದು, ಛೆಟ್ರಿ ಅದನ್ನು ಎಷ್ಟು ಸಲ ಮಾಡಿಲ್ಲ. ಹಿಂದಿನ ನಾಲ್ವರು ಹಾಗಲ್ಲ. ಒಂದೇ ಹಗ್ಗಕ್ಕೆ ಕಟ್ಟಿದಂತೆ ಕೂಡಿ ಮುಂದೆ ಬರಬೇಕು, ಕೂಡಿ ಹಿಂದೆ ಸರಿಯಬೇಕು. ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದರೆ ಎದುರಾಳಿ ಆಫ್‌ಸೈಡ್ ಆಗೋದಿಲ್ಲ, ಮುಗೀತು ಕಥೆ. ಆ ಹೊಂದಾಣಿಕೆ ತಿಂಗಳುಗಟ್ಟಲೆ ಅಭ್ಯಾಸದಿಂದ ಬರೋದು. ಕೋಚ್ ಬದಲಾಯಿಸಿ ಅಂತ ನಾವು ಕೂಗುವಾಗ ಇದನ್ನು ಮರೀತೀವಿ.

ಗ್ರೇಸನ್ ಅವರದ್ದೇ ಉದಾಹರಣೆ. 2022-23ರ ಮೊದಲ ಅರ್ಧ ನೋಡಿ ನಾನು ಫೋನ್ ಗೋಡೆಗೆ ಎಸೆಯೋದೊಂದು ಬಾಕಿ. ಹಿಂದೆ ಮೂವರನ್ನು ನಿಲ್ಲಿಸುವ ಅವರ ಪದ್ಧತಿ ಆಟಗಾರರ ಮೈಗೆ ಹತ್ತೋಕೆ ತಡವಾಯಿತು. ಹತ್ತಿದ ಮೇಲೆ ಸತತ 8 ಪಂದ್ಯ ಗೆದ್ದು ಪ್ಲೇಆಫ್ ಸೇರಿದೆವು. ಮಾರ್ಚ್ 3ರ ಕೇರಳ ಬ್ಲಾಸ್ಟರ್ಸ್ ಪಂದ್ಯ ಬಹಳ ಜನರಿಗೆ ನೆನಪಿರಬೇಕು. ಕೇರಳದವರು ಇನ್ನೂ ಗೋಡೆ ಕಟ್ಟಿ ನಿಲ್ಲುತ್ತಿರುವಾಗಲೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದ. ಅವರು ಸಿಟ್ಟಿಗೆದ್ದು ಮೈದಾನ ಬಿಟ್ಟು ಹೋದರು, ಆಮೇಲೆ 4 ಕೋಟಿ ದಂಡ ಬಿತ್ತು. ಎದುರಾಳಿಯ ಡಿಫೆನ್ಸ್ ತಡ ಮಾಡಿದರೆ ಅದು ನಮ್ಮವನ ಜಾಣತನ, ನಮ್ಮ ಡಿಫೆನ್ಸ್ ತಡ ಮಾಡಿದರೆ ಕೋಚ್ ದಡ್ಡ. ಅಭಿಮಾನಿಯ ನ್ಯಾಯ ಹೀಗೇ ಇರೋದು! ಆ ವರ್ಷ ಫೈನಲ್‌ವರೆಗೂ ಹೋಗಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತೆವು.

ಅದೇ ಗ್ರೇಸನ್ 2023ರ ಡಿಸೆಂಬರ್‌ನಲ್ಲಿ ಹೋದರು. ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0-4. ಅದರ ಬೆನ್ನಿಗೇ ವಿದಾಯ. ಗೆಳೆಯರ ವಾಟ್ಸ್ಆಪ್ ಗುಂಪಿನಲ್ಲಿ ಅವತ್ತು ನಾನು ಬರೆದದ್ದು ಇನ್ನೂ ಇದೆ, ಮೊನ್ನೆ ಹುಡುಕಿ ಓದಿದೆ: 'ತೂತು ತಿಂಗಳಿನಿಂದ ಕಾಣ್ತಾ ಇತ್ತು. ಇಷ್ಟು ದಿನ ಏನು ನೋಡ್ತಾ ಕೂತಿದ್ರು ಇವರು?'

ಅದೇ ವಾರ ಅವ್ವನ ಫೋನ್ ಬಂತು.

'ಇನ್ನೊಂದು ಸೀರಿ ವಾಪಸ್ ಬಂತಪಾ' ಅಂದಳು.

ಇಳಕಲ್ ಸೀರೆ ಉಡುವವರಿಗೆ ಗೊತ್ತು, ಒಡಲು ಹತ್ತಿಯದಾದರೂ ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವನಿಗೆ ಕೈ ಎಷ್ಟು ಮುಖ್ಯವೋ ಕಣ್ಣು ಅದಕ್ಕಿಂತ ಮುಖ್ಯ. ಹಾಸಿನ ಒಂದು ಎಳೆ ಹರಿದರೆ ಆ ಕ್ಷಣವೇ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಕಾಣದೆ ಹಾಗೇ ನೇಯ್ದುಕೊಂಡು ಹೋದರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಆಗ ಮಾಲು ಕೊಡುವ ಸಾಹುಕಾರರು ಮಜೂರಿ ಹಿಡೀತಾರೆ, ಇಲ್ಲ ಸೀರೆಯನ್ನೇ ವಾಪಸ್ ಕೊಡ್ತಾರೆ. ಅಪ್ಪನ ಕೈಯ ಸೀರೆ ಹಿಂದೆ ಯಾವತ್ತೂ ವಾಪಸ್ ಬಂದಿರಲಿಲ್ಲ. ಈಗ ಎರಡನೆಯದು.

ನನಗೆ ಆಶ್ಚರ್ಯ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. 2022ರ ದೀಪಾವಳಿಗೆ ಊರಿಗೆ ಹೋದಾಗಲೇ ಕಂಡಿತ್ತು. ಅಪ್ಪ ಎಳೆಯನ್ನು ಕಣ್ಣಿನ ಹತ್ತಿರ ತಂದು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಹುನಗುಂದದ ಬಸ್ ನಿಲ್ದಾಣದಲ್ಲಿ ಬೋರ್ಡ್ ಓದೋಕಾಗದೆ 'ಇದು ಬಾಗಲಕೋಟಿಗೆ ಹೊಕ್ಕತೇನ್ರಿ?' ಅಂತ ಕಂಡಕ್ಟರನ್ನು ಕೇಳುತ್ತಿದ್ದ. ಪೊರೆ ಬಂದಿರಬೇಕು, ತೋರಿಸಬೇಕು ಅಂದುಕೊಂಡೆ. ಸಂಕ್ರಾಂತಿಗೆ ಅಂದುಕೊಂಡೆ, ಪ್ರಾಜೆಕ್ಟ್ ಬಂತು. ಯುಗಾದಿಗೆ ಅಂದೆ, ರಜೆ ಸಿಗಲಿಲ್ಲ. ದಸರೆಗೆ ಬಂದಾಗ 'ಮುಂದಿನ ಸಲ' ಅಂದೆ. ಅಪ್ಪನೂ 'ನನಗೇನಾಗೇತಿ, ಚೊಲೊ ಐತಿ' ಅಂದ, ನನಗೂ ಅದೇ ಬೇಕಿತ್ತು. ಅಷ್ಟರಲ್ಲಿ ಮೊದಲ ಸೀರೆ ವಾಪಸ್ ಬಂದಿದ್ದನ್ನು ಅವ್ವ ಹೇಳಿದ್ದಳು. ಆಗಲೂ ನಾನು ಎದ್ದಿರಲಿಲ್ಲ.

ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆದದ್ದು 2024ರ ಫೆಬ್ರವರಿಯಲ್ಲಿ. ದೀಪಾವಳಿಯಿಂದ ಲೆಕ್ಕ ಹಾಕಿದರೆ 16 ತಿಂಗಳು. ಒಂದು ಕಣ್ಣಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. 'ಇಷ್ಟ್ಯಾಕ ತಡಾ ಮಾಡಿದ್ರಿ?' ಅಂತ ಡಾಕ್ಟರ್ ಕೇಳಿದ್ದು ಅಪ್ಪನನ್ನು, ತಲೆ ತಗ್ಗಿಸಿದ್ದು ನಾನು. ಟೈಮ್‌ಔಟ್ ಇರಲಿಲ್ಲ ಅನ್ನೋಕೆ ನನಗೆ ಬಾಯಿಲ್ಲ. ಗ್ರೇಸನ್ ಬಗ್ಗೆ ಬರೆದ ಆ ಮೆಸೇಜನ್ನು ಅಳಿಸಬೇಕು ಅಂತ ಒಂದೆರಡು ಸಲ ಅನ್ನಿಸಿತು, ಅಳಿಸಲಿಲ್ಲ.

ಇದರಿಂದ ನಾನೇನೋ ತಾಳ್ಮೆಯ ಮೂರ್ತಿ ಆಗಿಬಿಟ್ಟೆ ಅಂದುಕೋಬೇಡಿ. ಗೆರಾರ್ಡ್ ಝಾರಗೋಝಾ ಕೋಚ್ ಆದ ಮೇಲೆ ಆ ಋತುವಿನಲ್ಲಿ ಹತ್ತನೇ ಸ್ಥಾನಕ್ಕೆ ಬಿದ್ದೆವು, ಬೈಯೋದು ಬಿಡಲಿಲ್ಲ. 2024-25ರ ಶುರುವಿನಲ್ಲಿ ಮೋಹನ್ ಬಾಗಾನ್ ತಂಡವನ್ನೇ 3-0ಯಿಂದ ಮಣಿಸಿದಾಗ, ಸಾಲು ಸಾಲು ಪಂದ್ಯಗಳಲ್ಲಿ ಒಂದು ಗೋಲನ್ನೂ ಬಿಟ್ಟುಕೊಡದಿದ್ದಾಗ, ಹೊಗಳೋಕೆ ನಾನೇ ಮೊದಲು. 2025ರ ಜನವರಿಯಲ್ಲಿ ಹೆಂಡತಿಯ ತವರು ಬಾದಾಮಿಗೆ ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಬುಟ್ಟಿಯಲ್ಲಿ ರೊಟ್ಟಿ, ಕುಡಿಕೆಯಲ್ಲಿ ಗಟ್ಟಿ ಮೊಸರು ಹೊತ್ತು ಮಾರುವ ಅಮ್ಮಂದಿರ ಮುಂದೆ ಉಂಡು, ನಾಟಕದ ಟೆಂಟಿನ ಹತ್ತಿರ ನಿಂತು ಫೋನ್ ತೆಗೆದೆ. ಒಡಿಶಾ ವಿರುದ್ಧ ಬೇಗನೇ 2-0 ಮುಂದೆ. ಜಾತ್ರೆಯ ಜನದಲ್ಲಿ ನೆಟ್‌ವರ್ಕ್ ಹೋಯಿತು. ಇರಲಿ, ಗೆದ್ದಾಯಿತಲ್ಲ ಅಂತ ನಾಟಕಕ್ಕೆ ನುಗ್ಗಿದೆ. ಹೊರಗೆ ಬಂದು ನೋಡಿದರೆ 2-3! ಎರಡು ಗೋಲು ಮುಂದಿದ್ದೂ ಸೋತಿದ್ದೆವು. ಗುಂಪಿನಲ್ಲಿ ಗೆಳೆಯ ಎರಡೇ ಪದ ಹಾಕಿದ್ದ: 'ಮತ್ತೆ ಅದೇ'. ಮಾವನವರು ಪಕ್ಕದಲ್ಲಿದ್ದರು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. 'ಯಾಕ್ರೀ ಅಳಿಯಂದ್ರ, ನಾಟಕ ಹಿಡಸ್ಲಿಲ್ಲೇನು?' ಅಂತ ಕೇಳಿದರು ಪಾಪ.

ಆದರೂ ಅದೇ ತಂಡ ಮೂರನೇ ಸ್ಥಾನದಲ್ಲಿ ಲೀಗ್ ಮುಗಿಸಿ, ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿ ಫೈನಲ್‌ಗೆ ಬಂತು. ಏಪ್ರಿಲ್ 12, ಶನಿವಾರ, ದವನದ ಹುಣ್ಣಿಮೆ. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು. ನಾನು ಬೇಕಂತಲೇ ಇಳಕಲ್ಲಿಗೆ ಹೋಗಿದ್ದೆ. ಅದೇ ಮನೆ, ಟಿವಿ ಮಾತ್ರ ಹೊಸದು. ಈ ಏಳು ವರ್ಷದಲ್ಲಿ ಅಪ್ಪ ಕಾರ್ನರ್, ಪೆನಾಲ್ಟಿ ಎಲ್ಲ ಕಲಿತಿದ್ದಾನೆ, ಆಫ್‌ಸೈಡ್ ಮಾತ್ರ 'ಅದು ಸುಳ್ಳ ರೂಲು' ಅಂತಾನೆ.

49ನೇ ನಿಮಿಷಕ್ಕೆ ಅವರದೇ ಆಟಗಾರ ಆಲ್ಬರ್ಟೊನ ಕಾಲಿಗೆ ತಗುಲಿ ಚೆಂಡು ಅವರದೇ ಗೋಲಿನೊಳಗೆ ಹೋಯಿತು. 1-0. ಇನ್ನು ಡಿಫೆನ್ಸ್ ಒಂದು ಗಟ್ಟಿ ನಿಂತರೆ ಸಾಕು ಅಂತ ನಾನು ಕುರ್ಚಿಯ ತುದಿಗೆ ಬಂದೆ. 70 ನಿಮಿಷ ದಾಟಿತ್ತು. ನಮ್ಮ ಗೋಲಿನ ಮುಂದೆ ಚೆಂಡು ಬಂತು, ಚಿಂಗ್ಲೆನ್ಸಾನಾ ಸಿಂಗ್ ಅಡ್ಡ ಹೋದ.

'ಕೈಗೆ ಹತ್ತಿತು' ಅಂದ ಅಪ್ಪ.

'ಇಲ್ಲಪಾ, ಮೈಗೆ ಬಡದೈತಿ.'

'ಕೈಗೆ ಹತ್ತೇತೊ, ನಾ ನೋಡೇನಿ.'

ರೆಫರಿ ಪೆನಾಲ್ಟಿ ಕೊಟ್ಟರು. ಮರುಪ್ರಸಾರದಲ್ಲಿ ನೋಡಿದರೆ ಅಪ್ಪ ಹೇಳಿದ್ದೇ ಸರಿ. ಜೇಸನ್ ಕಮಿಂಗ್ಸ್ ಹೊಡೆದ, 1-1. ಹೆಚ್ಚುವರಿ ಸಮಯದ 96ನೇ ನಿಮಿಷಕ್ಕೆ ಜೇಮಿ ಮೆಕ್ಲಾರೆನ್ ಇನ್ನೊಂದು ಹೊಡೆದ. 1-2. ಮತ್ತೆ ಫೈನಲ್, ಮತ್ತೆ ಸೋಲು. ನಾನು ಗುಂಪಿಗೆ ಉದ್ದದೊಂದು ಮೆಸೇಜ್ ಟೈಪ್ ಮಾಡತೊಡಗಿದೆ. ಪೆನಾಲ್ಟಿ ಆದಮೇಲಾದರೂ ಯಾರನ್ನು ಬದಲಿಸಬೇಕಿತ್ತು, ಎಷ್ಟನೇ ನಿಮಿಷಕ್ಕೆ ಬದಲಿಸಬೇಕಿತ್ತು, ಎಲ್ಲ.

ಅಪ್ಪ ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸಿಕೊಂಡ. 'ಎಷ್ಟ್ ಬರೀತಿ, ಲೈಟ್ ಆರಸು. ಮುಂಜಾನೆ ಗೋಮಿ ದಡಿದು ಒಂದು ಸೀರಿ ಇಳಸೋದೈತಿ' ಅಂದ.